ಹೆಬ್ಬೆರಳಿಗೆ ಬಿಟ್ಟ ದನಿ

ಮಜಗಾಂವಿನ ನಮ್ಮ ಇಗರ್ಜಿಯಲ್ಲಿ
ಹಾಡುವವರ ಮಾಳಿಗೆ ಈಗ ಖಾಲಿ.
ನಾಲ್ಕು ಬೆಂಚು, ಕೆಟ್ಟು ನಿಂತ ಫ್ಯಾನು,
ಗೋಡೆಯಗಲ ಎದ್ದು ನಿಂತ ಕೊಳವೆಗಳು,
ಮತ್ತು ನಾನು, ಅಂಚೆ ಕಚೇರಿಯಿಂದ ನೇರ ಬಂದವಳು,
ಬೆರಳಲ್ಲಿನ್ನೂ ಅಂಟಿನ ವಾಸನೆ.

ಪಾದ್ರಿ ಹೇಳಿದರು: ದನಿಗಳಿಲ್ಲದಿದ್ದರೇನಂತೆ,
ಮೇ ತಿಂಗಳಿಗೆ ಮಾತೆಯ ಹಾಡನ್ನು
ಆರ್ಗನ್ನೊಂದಕ್ಕೇ ಇಳಿಸಿಬಿಡು.
ಹಡಗಿನಿಂದ ಮೂಟೆ ಇಳಿಸಿದಂತೆ ಅಂದುಕೊಂಡರೋ ಏನೋ.
ಆ ಕೆಲಸ ಮಾಡಿದವನು ನನ್ನಪ್ಪ.
ಅವನ ಸೊಂಟ ಕೊನೆಗೂ ನೆಟ್ಟಗಾಗಲಿಲ್ಲ.

ಮೂರು ಪಟ್ಟಿಯ ಕಾಗದ ಹರವಿದೆ.

ಬಲಗೈಗೆ ಜೆಸಿಂತಾ ಬಾಯಿ.
ಭಾವುಚಾ ಧಕ್ಕಾದಲ್ಲಿ ಬೊಂಬಿಲು ಮಾರಿ ಮಾರಿ
ಗಟ್ಟಿಯಾದ ಗಂಟಲು; ಸದಾ
ಕೂದಲೆಳೆಯಷ್ಟು ಏರು.
ಈಗ ಶಿವಡಿಯ ಸ್ಮಶಾನದಲ್ಲಿ, ಮೂರನೇ ಸಾಲು.

ಎಡಗೈಗೆ ಕ್ರಿಸ್ಪಿನ್. ಮಸ್ಕತ್ತಿಗೆ ಹೋದ.
ಪದದ ನಟ್ಟನಡುವೆ ಉಸಿರೆಳೆಯುವ ಚಾಳಿ ಅವನದು:
'ಕೃಪಾ' ಎಂದು ನಿಂತು,
ನಾವೆಲ್ಲ ದಾಟಿ ಹೋದ ಮೇಲೆ, 'ಪೂರ್ಣೆ'.

ಕಾಲಿಗೆ ಎವರಿಸ್ತ್ ಮಾಮ, ಡಾಕ್‌ಯಾರ್ಡ್ ರೋಡಿನ ಟಿಸಿ,
ಹಾರ್ಬರ್ ಲೈನಿನ ಗಾಡಿಯಂತೆ ಅರ್ಧ ಮಾತ್ರೆ ತಡ.
ಗಂಟಲಿಗೆ ಕತ್ತರಿ ಬಿದ್ದ ಮೇಲೆ
ಸ್ಲೇಟಿನ ಮೇಲೆ ಮಾತಾಡುತ್ತಾರೆ.

ಈ ವಾದ್ಯಕ್ಕೆ ದಣಿವೆಂಬುದಿಲ್ಲ.
ಬೆರಳಿಟ್ಟಷ್ಟು ಹೊತ್ತೂ ಸ್ವರ ಸಾಯದು,
ಒತ್ತಿ ಹಿಡಿದರೆ ಜೋರಾಗದು,
ಮೆಲ್ಲಗೆ ಮುಟ್ಟಿದರೆ ಮೆತ್ತಗಾಗದು.
ಆದ್ದರಿಂದ ಮೌನವನ್ನೇ ಬರೆಯಬೇಕು ಕೈಯಾರೆ.
ಕ್ರಿಸ್ಪಿನ್‌ಗೆ ಪೆನ್ಸಿಲಿನಲ್ಲಿ ಒಂದು ಅಲ್ಪವಿರಾಮ,
ಪಕ್ಕದಲ್ಲಿ ಕನ್ನಡದಲ್ಲೇ: 'ಇಲ್ಲಿ ಉಸಿರು'.
ಎವರಿಸ್ತ್ ಮಾಮನಿಗೆ ಅರ್ಧ ಮಾತ್ರೆ ಖಾಲಿ.
ಜೆಸಿಂತಾ ಬಾಯಿಯ ಏರಿಗೆ ಮಾತ್ರ
ಯಾವ ಗುರುತೂ ಸಿಗಲಿಲ್ಲ.

ನುಡಿಸಿ ನೋಡಿದೆ.
ಹದಿನಾರು ಅಡಿಯ ಮರದ ಕೊಳವೆ
ಗಾಳಿ ಕುಡಿದು, ಹೊಟ್ಟೆ ತುಂಬಿಕೊಂಡು,
ಆಮೇಲೆ ತಾನೇ ಬಾಯಿ ಬಿಡುವುದು!
ನಾನು ಬರೆದ ತಡ, ಅದರದ್ದೇ ತಡ, ಎರಡೂ ಸೇರಿ
ಮಾಮನಿಗೆ ಗಾಡಿಯೇ ತಪ್ಪಿಹೋಯಿತು.
ರಬ್ಬರಿನಿಂದ ಉಜ್ಜಿದೆ.
ಈಗ ತಕ್ಕಷ್ಟೇ ತಪ್ಪುತ್ತಾರೆ.

ಮೇ ಬಂತು. ಹೆಂಚು ಕಾದು
ಮಾಳಿಗೆಯಲ್ಲಿ ಮೇಣದಬತ್ತಿ ತಾನೇ ಬಾಗಿತು.
ಶ್ರುತಿ ನೋಡಲು ಬಂದ ದಾರಾಯಸ್
ಏಣಿಯ ತುದಿಯಿಂದ ಕೂಗಿದ:
ಮೇಲಿನ ಸಾಲು ಸೆಕೆಗೆ ಏರಿದೆ, ಕೂದಲೆಳೆಯಷ್ಟು. ಇಳಿಸಲೆ?
ಬೇಡ ಎಂದೆ. ಮಳೆಗಾಲದವರೆಗೆ ಇರಲಿ.
ನನ್ನ ಕಿವಿ ಕೆಟ್ಟಿತೆಂದುಕೊಂಡ;
ಅರ್ಧ ಕೂಲಿ ಸಾಕೆಂದ, ಪಾಪ.

ಎಲ್ಲ ಬರೆದು, ಕಾಗದ ಮಡಚುವ ಹೊತ್ತಿಗೆ
ಹೊಳೆಯಿತು: ನಾಲ್ಕನೆಯ ದನಿ?
ಆಲ್ಟೊ, ನಡುವಿನದು, ನನ್ನದು.
ಇಪ್ಪತ್ತೆರಡು ವರ್ಷ ಬಹುತೇಕ ಒಂದೇ ಸ್ವರ ಹಿಡಿದು
ಉಳಿದವರು ಏರಿ ಇಳಿಯುವುದನ್ನು ನೋಡುತ್ತ ನಿಂತದ್ದು.
ಕೈಯೆರಡೂ ತುಂಬಿವೆ, ಕಾಲೂ.
ಕೊನೆಗೆ ಬಲಗೈಯ ಹೆಬ್ಬೆರಳನ್ನು
ಕೆಳಗಿನ ಮಣೆಗೆ ಚಾಚಿದೆ,
ಲಕೋಟೆಗಳ ಮೇಲೆ ಮುದ್ರೆ ಒತ್ತೊತ್ತಿ ಗಂಟುಗಟ್ಟಿದ್ದನ್ನು.
ಎಟುಕಿತು, ನೋವಿನಷ್ಟು ದೂರ.

ಭಾನುವಾರ ಹನ್ನೊಂದು ಜನ.
ಒಬ್ಬ ಹುಡುಗ ಹಿಂದೆ ತಿರುಗಿ ನೋಡಿದ,
ಕೆಳಗೆ ಬಾಗಿಲಲ್ಲಿ ಯಾರದೋ ಸ್ಕೂಟರ್.
ನಾನು ಉಸಿರು ಎಂದು ಬರೆದಲ್ಲಿ
ನಿಜಕ್ಕೂ ಉಸಿರೆಳೆದೆ, ನಾಚಿಕೆಯಾಯಿತು.

ನಾಲಾಸೋಪಾರದಿಂದ ಬಂದಿದ್ದರು ಎವರಿಸ್ತ್ ಮಾಮ.
ಮೆಟ್ಟಿಲು ಹತ್ತಿ, ಸುಧಾರಿಸಿಕೊಂಡು,
ಸ್ಲೇಟಿನಲ್ಲಿ ಬರೆದರು:
'ನಾನು ಅಷ್ಟೊಂದು ತಡವೇನೆ?'

ಒರೆಸಿದರು. ಮತ್ತೆ ಬರೆದರು:
'ನೀನು ಕೇಳಿಸಲೇ ಇಲ್ಲ.'

ಹೆಬ್ಬೆರಳು ತೋರಿಸಿದೆ.